ಬರಿಗಾಲಲ್ಲಿ ನಡೆಯದ ದಿನ

ನನ್ನ ತಮ್ಮ ಮೈದಾನದಲ್ಲಿ ಬಿದ್ದು, ಮೊಣಕಾಲು ಹಿಡಿದುಕೊಂಡು ಕೂಗಿದಾಗ ಅವನ ಹತ್ತಿರ ಮೊದಲು ಓಡಿದವನು ನಾನು. ಓಡಿ ಹೋಗಿ ಮೊದಲು ಮುಟ್ಟಿದ್ದು ಅವನನ್ನಲ್ಲ, ಹುಲ್ಲನ್ನು. ಅವನ ಕಾಲು ಹೊಕ್ಕಿದ್ದ ಗುಂಡಿಯ ಮೇಲೆ ಹುಲ್ಲಿನ ತೇಪೆ ಎಳೆದು, ಅದರ ಅಂಚನ್ನು ಹಿಮ್ಮಡಿಯಿಂದ ಒತ್ತಿ ಸಮ ಮಾಡಿ, ಆಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಆ ಗುಂಡಿ ಮುಚ್ಚುವ ಕೆಲಸ ನನ್ನದಾಗಿತ್ತು. ಮುಚ್ಚಿರಲಿಲ್ಲ. ಅದನ್ನು ಮೂವತ್ತಮೂರು ವರ್ಷ ಅವನಿಗೆ ಹೇಳಲೂ ಇಲ್ಲ.

ನಾನು ಮುನಿರಾಜು. ಬೆಂಗಳೂರಿನ ಒಂದು ಫುಟ್‌ಬಾಲ್ ಮೈದಾನದಲ್ಲಿ ಮೂವತ್ತೆಂಟು ವರ್ಷ ಮಾಲಿಯಾಗಿದ್ದೆ. ಓದಿದ್ದು ಐದನೆಯ ತರಗತಿಯವರೆಗೆ. ಈಗ ಅಲ್ಲಿ ಹೊಸದಾಗಿ ಸೇರಿರುವ ಹುಡುಗರು, 'ಅಣ್ಣ, ಕೆಲಸ ಹೆಂಗಿತ್ತು ಅಂತ ಬರೆದುಕೊಡಿ' ಎಂದು ಕೇಳಿದ್ದಾರೆ. ಯಾವಾಗ ಖಾಯಂ ಆದೆ, ಯಾವಾಗ ಹೆಡ್ ಮಾಲಿ ಆದೆ ಎಂಬುದನ್ನೆಲ್ಲ ಬರೆದರೆ ಅವರಿಗೆ ಏನೂ ಉಪಯೋಗವಿಲ್ಲ. ಹುಲ್ಲಿನ ವಿಷಯ ಬರೆಯುತ್ತೇನೆ. ತಮ್ಮನ ವಿಷಯವನ್ನೂ ಬರೆಯಲೇಬೇಕು. ಈ ಸಲ ಫುಟ್‌ಬಾಲ್ ವಿಶ್ವಕಪ್ ಅಮೆರಿಕಕ್ಕೆ ಬಂದಾಗ ಟೆಕ್ಸಸ್‌ನಲ್ಲಿ ಕಂಡದ್ದನ್ನೂ ಬರೆಯುತ್ತೇನೆ, ಯಾಕೆಂದರೆ ಅದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ನನಗೆ ಕೆಲಸ ಕಲಿಸಿದವರು ಹೆಡ್ ಮಾಲಿ ಚಿನ್ನಪ್ಪನವರು. ನಾನು ಸೇರಿದ ಮೊದಲ ದಿನವೇ ಅಂದರು, "ಲೇ ಮುನಿ, ಚಪ್ಪಲಿ ಬಿಚ್ಚೋ."

"ಯಾಕ್ ಸ್ವಾಮಿ? ಮುಳ್ಳಿರಲ್ವಾ?"

"ಅದಕ್ಕೇ ಬಿಚ್ಚು ಅಂದಿದ್ದು. ಆಡೋ ಹುಡುಗ್ರು ಎಲ್ಲೆಲ್ಲಿ ಕಾಲಿಡ್ತಾರೋ ಅಲ್ಲೆಲ್ಲ ಮೊದಲು ನಿನ್ನ ಕಾಲು ಬೀಳ್ಬೇಕು. ಚುಚ್ಚೋದಾದ್ರೆ ನಿಂಗೇ ಚುಚ್ಲಿ."

ಪ್ರತಿ ಪಂದ್ಯದ ಬೆಳಿಗ್ಗೆ ಮೈದಾನದ ಉದ್ದಗಲ ಬರಿಗಾಲಲ್ಲಿ ನಡೆಯಬೇಕು. ಮೊದಲು ಅಂಚಿನ ಗೆರೆಗಳು, ಆಮೇಲೆ ಮೂಲೆಗಳು, ಕೊನೆಗೆ ನಡುಭಾಗ. ಒಂದು ಗಂಟೆ ಹಿಡಿಯುತ್ತದೆ. ಎಲ್ಲಿ ನೀರು ಹೆಚ್ಚಾಗಿದೆ, ಎಲ್ಲಿ ಮಣ್ಣು ಕೂತಿದೆ, ಎಲ್ಲಿ ಒಡೆದ ಗಾಜಿದೆ, ಎಲ್ಲವೂ ಅಂಗಾಲಿಗೆ ತಿಳಿಯುತ್ತದೆ. ಈಗ ತೇವ ಅಳೆಯುವ ಕಡ್ಡಿ ಬಂದಿದೆ, ಮೊಬೈಲಿನಲ್ಲಿ ಅಂಕಿ ತೋರಿಸುತ್ತದೆ. ಅದನ್ನೂ ಬಳಸಿ. ಆದರೆ ಚಪ್ಪಲಿ ಬಿಚ್ಚುವುದನ್ನು ಬಿಡಬೇಡಿ.

ನನ್ನ ಮೊದಲ ಎಡವಟ್ಟು ಗೆರೆ ಹಾಕುವುದರಲ್ಲಿ ಆಯಿತು. ಆಗ ಗೂಟ ನೆಟ್ಟು, ದಾರ ಕಟ್ಟಿ, ಡಬ್ಬಿಯಲ್ಲಿ ಸುಣ್ಣ ಉದುರಿಸುತ್ತ ಹೋಗಬೇಕಿತ್ತು. ನನ್ನ ದಾರದ ಗಂಟು ಜಾರಿ, ಒಂದು ಕಡೆಯ ಗೋಲಿನ ಮುಂದಿನ ಚೌಕ ನಾಲ್ಕು ಅಡಿ ಹೆಚ್ಚು ಅಗಲವಾಗಿಬಿಟ್ಟಿತು. ನನಗೆ ಗೊತ್ತೇ ಆಗಲಿಲ್ಲ. ಸೂಪರಿಂಟೆಂಡೆಂಟ್ ಸಾಹೇಬರು ಎರಡೂ ಕಡೆ ಹೋಗಿ ಹೆಜ್ಜೆ ಹಾಕಿ ಅಳೆದು ಬಂದರು. "ಏನಯ್ಯಾ ಮುನಿರಾಜು, ಈ ಕಡೆ ಗೋಲ್‌ಕೀಪರ್‌ಗೆ ಅರಮನೆ, ಆ ಕಡೆಯವನಿಗೆ ಬಾಡಿಗೆ ಮನೆನಾ?" ಎರಡು ತಂಡಗಳೂ ಬಿದ್ದು ಬಿದ್ದು ನಕ್ಕವು. ಸುಣ್ಣ ಬಿದ್ದ ಕಡೆ ಹುಲ್ಲು ಸುಡುತ್ತಿತ್ತು, ಜಾರಿ ಬಿದ್ದ ಹುಡುಗರ ತೊಡೆಯೂ ಸುಡುತ್ತಿತ್ತು. ಸುಣ್ಣದ ಬದಲು ನೀರಿನಲ್ಲಿ ಕಲಸುವ ಬಣ್ಣ ಬಂದಾಗ ನಾನು ಎರಡು ವರ್ಷ ಹಟ ಹಿಡಿದು ಸುಣ್ಣವನ್ನೇ ಬಳಸಿದೆ. ಅದೂ ತಪ್ಪೇ. ಗೊತ್ತಿರುವ ಕೆಲಸವನ್ನೇ ಮಾಡುತ್ತಿರುವ ಸುಖಕ್ಕೆ ಬೇರೆಯವರ ಚರ್ಮ ಸುಟ್ಟೆ.

ಇನ್ನು ತಮ್ಮ. ಲೋಕೇಶ ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡರು. ನನಗಾಗ ಹನ್ನೊಂದು. ಶಾಲೆ ಬಿಟ್ಟೆ. ಬೆಂಗಳೂರಿನ ನಮ್ಮ ಆಸ್ಟಿನ್ ಟೌನ್ ಬೀದಿಯಲ್ಲಿ ನಡೆಯಲು ಬರುವ ಮೊದಲೇ ಮಕ್ಕಳು ಚೆಂಡು ಒದೆಯುತ್ತವೆ. ಲೋಕಿಯ ಕಾಲಿಗೆ ಮೊದಲ ಚೆಂಡು ಇಟ್ಟವನು ನಾನೇ. ಅವನು ಎಡಗಾಲಿನವನು, ಎಡ ಅಂಚಿನಲ್ಲಿ ಓಡಿದರೆ ಹಿಡಿಯುವವರಿರಲಿಲ್ಲ. ಇಪ್ಪತ್ತನೆಯ ವಯಸ್ಸಿಗೆ ರಾಜ್ಯ ತಂಡದ ಆಯ್ಕೆ ಪಂದ್ಯಕ್ಕೆ ಕರೆ ಬಂತು. ಪಂದ್ಯ ನಮ್ಮ ಮೈದಾನದಲ್ಲೇ.

ಎಡ ಅಂಚಿನ ಗೆರೆಯಿಂದ ಎರಡು ಅಡಿ ಆಚೆ ನೀರಿನ ವಾಲ್ವಿನ ಒಂದು ಸಣ್ಣ ಗುಂಡಿ ಇತ್ತು. ಗೇಣಗಲ, ಒಂದಡಿ ಆಳ. ಅದರ ಕಬ್ಬಿಣದ ಮುಚ್ಚಳವನ್ನು ಯಾರೋ ಕದ್ದೊಯ್ದಿದ್ದರು. ಸಾಹೇಬರಿಗೆ ಮೂರು ಸಲ ಹೇಳಿದ್ದೆ, "ಆಗುತ್ತೆ, ತರಿಸೋಣ" ಎಂದಿದ್ದರು. ಅಲ್ಲಿಯವರೆಗೆ ನಾನು ಒಂದು ಹಲಗೆ ಇಟ್ಟು, ಅದರ ಮೇಲೆ ಒದ್ದೆ ಗೋಣಿ ಹಾಸಿ, ಹುಲ್ಲಿನ ತೇಪೆ ಕೂರಿಸುತ್ತಿದ್ದೆ. ನೋಡಿದವರಿಗೆ ಗುಂಡಿ ಇದೆ ಎಂದೇ ತಿಳಿಯುತ್ತಿರಲಿಲ್ಲ. ನನಗೆ ಆ ಕೈಚಳಕದ ಬಗ್ಗೆ ಹೆಮ್ಮೆ ಬೇರೆ.

ಆ ಬೆಳಿಗ್ಗೆ ನೀರು ಬಿಡಲು ಹಲಗೆ ತೆಗೆದೆ. ವಾಲ್ವ್ ನಿಲ್ಲಿಸಿ ಗೋಣಿ ಹಾಸಿದೆ, ತೇಪೆ ಕೂರಿಸಿದೆ. ಹಲಗೆ ಮಾತ್ರ ಪಕ್ಕದ ಗೋಡೆಗೆ ಒರಗಿಸಿದ್ದು ಅಲ್ಲೇ ಉಳಿಯಿತು. ಸಾಹೇಬರು ಕೂಗುತ್ತಿದ್ದರು: ಗಣ್ಯರು ಬರುತ್ತಾರೆ, ಶಾಮಿಯಾನ ಹಾಕಬೇಕು, ಸೋಫಾ ಹೊರಬೇಕು. ಹೋದೆ. ಸೋಫಾ ಹೊತ್ತು ಮುಗಿಯುವಷ್ಟರಲ್ಲಿ ತಂಡಗಳು ಇಳಿದಿದ್ದವು. ಅಂದು ಬರಿಗಾಲಲ್ಲಿ ನಡೆಯಲಿಲ್ಲ. ನಡೆದಿದ್ದರೆ ಮೊದಲ ನೂರು ಹೆಜ್ಜೆಯಲ್ಲೇ ನನ್ನ ಕಾಲು ಅದರೊಳಗೆ ಹೋಗುತ್ತಿತ್ತು.

ಹೋದದ್ದು ಲೋಕಿಯ ಕಾಲು. ಚೆಂಡಿನ ಹಿಂದೆ ಗೆರೆ ದಾಟಿ ಓಡಿದ, ಮುಂಗಾಲು ಇಳಿಯಿತು, ಮೊಣಕಾಲು ತಿರುಚಿತು. ಆಮೇಲೆ ನಾನು ಮಾಡಿದ್ದನ್ನು ಮೊದಲೇ ಬರೆದಿದ್ದೇನೆ. ತಂಡದ ಕ್ಯಾಪ್ಟನ್ ಅನುಮಾನಪಟ್ಟು, "ಅಲ್ಲೇನಾದ್ರೂ ಹಳ್ಳ ಇತ್ತಾ?" ಎಂದು ಕೇಳಿದ. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ನನ್ನ ತಮ್ಮ ಅವನ ಮೇಲೆ ಹರಿಹಾಯ್ದ: "ನಮ್ಮಣ್ಣನ ಗ್ರೌಂಡ್ ಕಣೋ ಇದು! ಬಾಯ್ ಮುಚ್ಚು. ನಾನೇ ಜಾರಿದೆ." ಆ ಸಂಜೆಯೇ ಗುಂಡಿಗೆ ಹಲಗೆ ಹಾಕಿ ಮೇಲೆ ಸಿಮೆಂಟು ಬಳಿದೆ. ಅಷ್ಟು ಚುರುಕಾಗಿ ನಾನು ಇನ್ಯಾವತ್ತೂ ಕೆಲಸ ಮಾಡಿಲ್ಲ.

ಅವನು ಮತ್ತೆ ಆಡಲಿಲ್ಲ. ಆಸ್ಪತ್ರೆಯಲ್ಲಿ ಕಾಲು ಮಡಿಸಿ ಬಿಡಿಸಿ ಅಭ್ಯಾಸ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ನೋಡಿ, ತಾನೂ ಅದನ್ನೇ ಓದಿದ. ಧಾರವಾಡದ ಶೈಲಾಳನ್ನು ಮದುವೆಯಾದ. ಇಬ್ಬರೂ ಟೆಕ್ಸಸ್‌ನ ಡಲ್ಲಾಸ್ ಕಡೆ ಹೋಗಿ, ಅದರ ಹತ್ತಿರದ ಅಲೆನ್ ಎಂಬ ಊರಲ್ಲಿ ಮನೆ ಮಾಡಿದರು. 'ಆ ಏಟೇ ಅವನ ಅದೃಷ್ಟ' ಎಂದು ಬೀದಿಯೆಲ್ಲ ಹೇಳಿತು. ಆ ಮಾತಿನ ನೆರಳಿನಲ್ಲಿ ನಾನು ಬಹಳ ವರ್ಷ ತಣ್ಣಗೆ ಕೂತಿದ್ದೆ.

ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ ನಡೆದ ವರ್ಷ ಅವನು ಫೋನ್ ಮಾಡಿದ. "ಅಣ್ಣ, ಡರ್ಬನ್‌ಗೆ ಬಾ. ನಾನು ಇಲ್ಲಿಂದ ಬರ್ತೀನಿ, ನೀನು ಅಲ್ಲಿಂದ ಬಾ. ಹತ್ತು ದಿನ ಬರೀ ಫುಟ್‌ಬಾಲು." "ಮೈದಾನಕ್ಕೆ ಹೊಸ ಹುಲ್ಲು ಹಾಕ್ತಿದಾರೆ, ರಜ ಇಲ್ಲ," ಎಂದೆ ನಾನು. ಸುಳ್ಳು. ಹತ್ತು ದಿನ ಅವನ ಪಕ್ಕದಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಅವನೊಬ್ಬನೇ ಹೋಗಿ ಬಂದು ನನಗೆ ಒಂದು ಲಕೋಟೆ ತುಂಬ ಫೋಟೋ ಕಳಿಸಿದ. ಸಮುದ್ರದ ದಂಡೆಯ ಊರಂತೆ, ನಮ್ಮ ದೇಶದಿಂದ ಹೋದವರೇ ಬೀದಿ ಬೀದಿಯಲ್ಲಂತೆ, ಬ್ರೆಡ್ಡಿನ ಹೊಟ್ಟೆ ಬಗೆದು ಅದರೊಳಗೆ ಸಾರು ತುಂಬಿಕೊಡುತ್ತಾರಂತೆ. ಅದೆಲ್ಲ ಫೋನಿನಲ್ಲಿ ಹೇಳಿದ. ಫೋಟೋಗಳಲ್ಲಿ ಮಾತ್ರ ಸಮುದ್ರವೂ ಇಲ್ಲ, ಊರೂ ಇಲ್ಲ. ಇಪ್ಪತ್ತನಾಲ್ಕೂ ಹುಲ್ಲಿನ ಫೋಟೋಗಳು. ಮೂಲೆಯ ಹುಲ್ಲು, ಗೋಲಿನ ಮುಂದಿನ ಹುಲ್ಲು, ಕೊಯ್ದ ಪಟ್ಟಿಗಳು. ಅವುಗಳನ್ನು ನೋಡಲಾಗದೆ ಬೀರುವಿನಲ್ಲಿಟ್ಟೆ.

ಈ ಸಲ ಅವನು ನನಗೆ ತಪ್ಪಿಸಿಕೊಳ್ಳಲು ದಾರಿ ಬಿಡಲಿಲ್ಲ. "ರಜ ಇಲ್ಲ ಅನ್ನೋಕಾಗಲ್ಲ ಅಣ್ಣ, ರಿಟೈರ್ ಆಗಿದೀಯ! ಟಿಕೆಟ್ ಆಗಿದೆ, ವಿಮಾನ ಹತ್ತು."

ವಿಮಾನದಲ್ಲೇ ನಿರ್ಧಾರ ಮಾಡಿದೆ. ಬಾಯಿಬಿಟ್ಟು ಹೇಳಿಯೇ ವಾಪಸು ಬರಬೇಕು. ಹೇಳದೆ ಬಂದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ.

ಡಲ್ಲಾಸ್‌ನಲ್ಲಿ ಇಳಿದಾಗ ನಾನು ಜಗತ್ತನ್ನೇ ಒಂದು ಕಡೆ ಸುರಿದಿದ್ದಾರೆ ಎಂದುಕೊಂಡೆ. ಹಸಿರು ಅಂಗಿಯವರು ಡೋಲು ಬಡಿಯುತ್ತಿದ್ದಾರೆ, ಹಳದಿಯವರು ಕುಣಿಯುತ್ತಿದ್ದಾರೆ, ಒಬ್ಬ ಅಜ್ಜಿ ಕೆನ್ನೆಗೆ ಬಾವುಟ ಬಳಿದುಕೊಂಡು ಗಾಲಿಕುರ್ಚಿಯಲ್ಲೇ ತುತ್ತೂರಿ ಊದುತ್ತಿದ್ದಾಳೆ. ಅವರ ನಡುವೆ ದೊಡ್ಡ ಟೋಪಿ ಹಾಕಿಕೊಂಡು, ಎಡಗಾಲು ಸ್ವಲ್ಪ ಎಳೆಯುತ್ತ ಲೋಕಿ ಬಂದ. ಅರವತ್ತನಾಲ್ಕು ವರ್ಷದ ನನ್ನನ್ನು ಎತ್ತಿ ಸುತ್ತಿಸಲು ನೋಡಿದ, ಆಗಲಿಲ್ಲ, ಇಬ್ಬರೂ ಬೀಳುವುದರಲ್ಲಿದ್ದೆವು.

ಅಲೆನ್‌ನ ಅವನ ಮನೆಯ ಮುಂದೆ ಕಾರಿಳಿದವನೇ ನಾನು ಬಗ್ಗಿ ಒಂದು ಎಳೆ ಕಿತ್ತೆ. "ಲೋಕಿ! ಗರಿಕೆ ಕಣೋ ಇದು!"

"ಇಲ್ಲಿ ಬರ್ಮುಡಾ ಅಂತಾರೆ."

"ಏನಾದ್ರೂ ಅನ್ಲಿ, ನಮ್ಮ ಗರಿಕೆನೇ."

ಬಾಗಿಲಲ್ಲಿ ನಿಂತಿದ್ದ ಶೈಲಾ ನಕ್ಕಳು. "ಭಾವಾರ, ಗಣಪತಿಗೆ ಇದನ್ನ ಇಡತೇವ್ರಿ. ನಿಮ್ಮ ತಮ್ಮಾರು ಮಷೀನ್ ಹೊಡಿಯೂದರಾಗ ನಾ ಒಂದು ಮುಷ್ಟಿ ತಗದ ಇಟ್ಟಿರತೇನಿ. ಮೊದಲ ಒಳಗ ಬರ್ರಿ, ಹುಲ್ಲು ಎಲ್ಲೂ ಓಡಿ ಹೋಗೂದಿಲ್ಲ."

ಮರುದಿನ, ನಮ್ಮ ಕಡೆಯವರು ಹೆಚ್ಚಾಗಿರುವ ಕ್ಯಾರಲ್ಟನ್ ಎಂಬ ಊರಿಗೆ ಹೋದೆವು. ಬೇಳೆ, ಸೊಪ್ಪು, ಹಪ್ಪಳ ಮಾರುವ ಅಂಗಡಿಗಳ ಮುಂದೆಲ್ಲ ಬಾವುಟಗಳು. ನಮ್ಮ ದೇಶ ಆಡುತ್ತಿಲ್ಲವಲ್ಲ, ಹಾಗಾಗಿ ಯಾರು ಯಾರಿಗೆ ಬೇಕಾದರೂ ಕೂಗಬಹುದು. ಒಂದು ದೋಸೆ ಹೋಟೆಲಿನಲ್ಲಿ ದೊಡ್ಡ ಟಿ.ವಿ. ಇಟ್ಟಿದ್ದರು. ಮೈಸೂರಿನ ಡಾಕ್ಟರೊಬ್ಬರು ಒಂದು ತಂಡದ ಕಡೆ, ಅವರ ಹೆಂಡತಿ ಇನ್ನೊಂದರ ಕಡೆ. ಗೋಲು ಬಿದ್ದಾಗ ಆಕೆ ಗಂಡನ ತಟ್ಟೆಯ ವಡೆ ಎತ್ತಿಕೊಂಡು ತಿಂದರು. "ಸೋತವ್ರಿಗೆ ವಡೆ ಇಲ್ಲ ರೀ." ಹೋಟೆಲೆಲ್ಲ ಚಪ್ಪಾಳೆ.

ಆ ಡಾಕ್ಟರು ಲೋಕಿಯ ಬೆನ್ನು ತಟ್ಟಿ ನನಗೆ ಹೇಳಿದರು. "ನಿಮ್ಮ ತಮ್ಮನ ಕಾಲು ಮುರೀದೇ ಇದ್ದಿದ್ರೆ ನಮಗೆ ಇಂಥ ಫಿಸಿಯೋ ಎಲ್ಲಿ ಸಿಗ್ತಿದ್ರು ಹೇಳಿ? ಎಲ್ಲ ಒಳ್ಳೇದಕ್ಕೇ."

ಲೋಕಿ ನಕ್ಕ. ಅವನ ಒಂದು ಕೈ ಮೇಜಿನ ಕೆಳಗೆ ಮೊಣಕಾಲನ್ನು ಒತ್ತಿಕೊಳ್ಳುತ್ತಿತ್ತು. ಕಣ್ಣು ಟಿ.ವಿ.ಯಲ್ಲಿ ಎಡ ಅಂಚಿನಲ್ಲಿ ಓಡುತ್ತಿದ್ದವನ ಮೇಲಿತ್ತು. ಅವನ ಎಡಗಾಲಿನ ಬೂಟಿನ ತುದಿ ಆಡುತ್ತಿದ್ದುದನ್ನು ನಾನು ಕಂಡೆ. ಇಷ್ಟು ವರ್ಷವಾದರೂ ಆ ಕಾಲು ಆಟ ಬಿಟ್ಟಿರಲಿಲ್ಲ. 'ಎಲ್ಲ ಒಳ್ಳೇದಕ್ಕೇ' ಎಂಬ ಮಾತಿನ ನೆರಳು ನನಗೆ ಅಲ್ಲಿಗೆ ಮುಗಿಯಿತು.

ಮೂರನೆಯ ದಿನ ಮೂವರೂ ಆಸ್ಟಿನ್ ಎಂಬ ಊರಿಗೆ ಹೊರಟೆವು. ಅವನ ಮಗಳು ದೀಪ್ತಿ ಅಲ್ಲಿ ಕಾಲೇಜಿನಲ್ಲಿ ಓದುತ್ತಾಳೆ. ಮೂರು ಗಂಟೆಗೂ ಮೀರಿದ ದಾರಿ. ಪಕ್ಕದಲ್ಲಿ ಹೋಗುವ ಕಾರುಗಳ ಕಿಟಕಿಯಿಂದೆಲ್ಲ ಬಾವುಟ, ಹಾರ್ನು. ನಡುವೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಅದು ನಮ್ಮ ಮೈದಾನಕ್ಕಿಂತ ದೊಡ್ಡದು! ಅಲ್ಲೂ ನಾಲ್ಕು ಜನ ಚೆಂಡು ಒದೆಯುತ್ತಿದ್ದರು. ಆಸ್ಟಿನ್ ಟೌನ್‌ನವನೊಬ್ಬ ಇನ್ನೊಂದು ಆಸ್ಟಿನ್ ನೋಡಲು ಹೊರಟಿದ್ದಾನೆ ಎಂದು ಲೋಕಿ ದಾರಿಯುದ್ದಕ್ಕೂ ಯಾರು ಸಿಕ್ಕರೂ ಹೇಳಿದ. ಅವರಿಗೇನು ಅರ್ಥವಾಯಿತೋ, ಎಲ್ಲರೂ ನನಗೆ ಕೈ ಕುಲುಕಿದರು.

ವಿಶ್ವಕಪ್ಪಿನ ಹುರುಪಿನಲ್ಲಿ ಅಲ್ಲಿಯ ನಮ್ಮ ಕಡೆಯ ಮಕ್ಕಳು ಒಂದು ಪಾರ್ಕಿನಲ್ಲಿ ತಮ್ಮದೇ ಪಂದ್ಯ ಇಟ್ಟುಕೊಂಡಿದ್ದರು. ದೀಪ್ತಿ ಎಡ ಅಂಚಿನ ಆಟಗಾರ್ತಿ. ಅಪ್ಪನ ಜಾಗ. ಅವಳು ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. ನನ್ನ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮರುದಿನ ಪಂದ್ಯ. ಬೆಳಿಗ್ಗೆ ಒಂಬತ್ತಕ್ಕೇ ಪಾರ್ಕಿನಲ್ಲಿ ಬಿಸಿಲು ಸುಡುತ್ತಿತ್ತು. ನಾನು ಬೂಟು ಬಿಚ್ಚಿದೆ.

"ದೊಡ್ಡಪ್ಪ, ಸೀರಿಯಸ್ಲಿ? ಪುಟ್ ಯುವರ್ ಶೂಸ್ ಆನ್!"

"ಪಂದ್ಯಕ್ಕೆ ಮುಂಚೆ ನಡೀಬೇಕಮ್ಮ. ಹತ್ತೇ ನಿಮಿಷ."

ಗರಿಕೆ. ಒಳ್ಳೆಯ ಗರಿಕೆ, ಹದವಾಗಿ ಕೊಯ್ದದ್ದು. ಖುಷಿಯಿಂದ ನಡೆದೆ. ಎಡ ಅಂಚಿನ ಮೂಲೆಯಿಂದ ಹತ್ತು ಹೆಜ್ಜೆ ಈಚೆ ಹೆಬ್ಬೆರಳ ಕೆಳಗೆ ನೆಲ ಮಿಡಿಯಿತು. ಹುಲ್ಲು ಸರಿಸಿ ನೋಡಿದರೆ ವಾಲ್ವಿನ ಡಬ್ಬಿಯ ಹಸಿರು ಪ್ಲಾಸ್ಟಿಕ್ ಮುಚ್ಚಳ, ನಡುವೆ ಸೀಳು ಬಿಟ್ಟಿತ್ತು. ಗೆರೆಯಿಂದ ಎರಡು ಅಡಿ ಆಚೆ.

ಅಷ್ಟರಲ್ಲಿ ಸೀಟಿ ಊದಿದರು. ಆಟ ಶುರುವಾಗಿ ಚೆಂಡು ಈ ಕಡೆಗೇ ಬಂತು. ನನಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ. ತೋಚಿದ್ದು ಒಂದೇ, ಆ ಮುಚ್ಚಳದ ಎರಡೂ ಬದಿಗೆ ಕಾಲು ಹರಡಿ, ಅದಕ್ಕೆ ಅಡ್ಡಲಾಗಿ ಕೂತುಬಿಟ್ಟೆ. ಎರಡೂ ಕೈ ಮೇಲೆತ್ತಿದೆ.

ಸೀಟಿ ಹಿಡಿದಿದ್ದವರು ಯಾರೋ ಎಂಜಿನಿಯರು, ಓಡಿ ಬಂದರು. "ಅಂಕಲ್, ಪ್ಲೀಸ್, ಮ್ಯಾಚ್ ನಡೀತಿದೆ."

"ನಡೀಬಾರದು."

"ಅಣ್ಣ, ಏಳು, ಎಲ್ರೂ ನೋಡ್ತಿದಾರೆ," ಎಂದ ಲೋಕಿ.

"ನೋಡ್ಲಿ. ಹಲಗೆ ತನ್ನಿ. ಹಲಗೆ ತರೋವರ್ಗೂ ಏಳಲ್ಲ."

"ಬಿಸಿಲಿಗೆ ತಲಿಗೆ ಏರೇತೇನ್ರಿ ಭಾವಾರಿಗೆ," ಎಂದು ಶೈಲಾ ನೀರಿನ ಬಾಟಲಿ ಹಿಡಿದು ಓಡಿ ಬಂದಳು. ಹುಡುಗರು ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದರು. ನಾನು ಪಕ್ಕಕ್ಕೆ ಸರಿದು, ಮುಷ್ಟಿಯಿಂದ ಮುಚ್ಚಳಕ್ಕೆ ಒಂದು ಗುದ್ದು ಕೊಟ್ಟೆ. ಅದು ಎರಡು ಹೋಳಾಗಿ ಒಳಗೆ ಬಿತ್ತು. ಎತ್ತಿದ್ದ ಮೊಬೈಲುಗಳು ಕೆಳಗಿಳಿದವು. ಒಬ್ಬ ಹುಡುಗ ತನ್ನ ಗಾಡಿಯಿಂದ ದಪ್ಪ ಪ್ಲೈವುಡ್ ತಂದ. ಅದನ್ನು ಮುಚ್ಚಿ, ಮೇಲೆ ಎರಡು ಐಸ್ ಡಬ್ಬಿ ಇಟ್ಟು, ಅಂಚಿನ ಗೆರೆಯನ್ನೇ ಆರು ಅಡಿ ಒಳಗೆ ತಂದು, ಗುರುತಿಗೆ ಕೆಂಪು ಪ್ಲಾಸ್ಟಿಕ್ ಶಂಕುಗಳನ್ನಿಟ್ಟೆ. ಆಟ ಮತ್ತೆ ಶುರುವಾಯಿತು. ದೀಪ್ತಿ ಆ ಅಂಚಿನಲ್ಲಿ ಓಡಿದಳು ನೋಡಿ! ಅವಳಪ್ಪನದೇ ಓಟ. ಭುಜ ಸ್ವಲ್ಪ ಒಳಗೆ ಬಾಗಿಸಿ, ಚೆಂಡನ್ನು ಎಡಗಾಲಿನ ಹೊರಬದಿಯಿಂದ ತಳ್ಳುತ್ತ. ಎರಡು ಗೋಲು ಹೊಡೆದಳು. ಎರಡನೆಯದಾದ ಮೇಲೆ ಹುಡುಗರೆಲ್ಲ ಸೇರಿ "ಮಾಲಿ ಅಂಕಲ್! ಮಾಲಿ ಅಂಕಲ್!" ಎಂದು ಕೂಗಿದರು. ಮೂವತ್ತೆಂಟು ವರ್ಷದ ಕೆಲಸದಲ್ಲಿ ಮೈದಾನದಲ್ಲಿ ಯಾರೂ ನನ್ನನ್ನು ಹಾಗೆ ಕೂಗಿರಲಿಲ್ಲ.

ಅಲ್ಲಿಂದ ಎಲ್ಲರೂ ಹ್ಯೂಸ್ಟನ್ ಕಡೆ ಹೊರಟೆವು. ಕಾರಿನಲ್ಲಿ ಲೋಕಿ ಕೇಳಿದ. "ಅದೆಂಗಣ್ಣ ಗೊತ್ತಾಯ್ತು ನಿಂಗೆ?"

ಅಲ್ಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಅಭ್ಯಾಸ," ಎಂದೆ.

ಹಿಂದಿನ ಸೀಟಿನಿಂದ ದೀಪ್ತಿ ಕೇಳಿದಳು. "ಡ್ಯಾಡ್, ಈಸ್ ದಟ್ ಹೌ ಯು ಗಾಟ್ ಹರ್ಟ್? ಎ ಹೋಲ್ ಲೈಕ್ ದಟ್?" ಅಪ್ಪನಿಗೆ ಏಟಾದದ್ದೂ ಅಂಥ ಗುಂಡಿಯಿಂದಲೇನಾ ಎಂದು.

"ಛೇ, ಅದು ದೊಡ್ಡಪ್ಪನ ಗ್ರೌಂಡ್ ಕಣಮ್ಮ. ಅಲ್ಲಿ ಗುಂಡಿ ಇರಕ್ಕೆ ಚಾನ್ಸೇ ಇಲ್ಲ. ನಾನೇ ಬಾಲ್ ನೋಡ್ಕೊಂಡು ಕಾಲ್ ನೋಡ್ಲಿಲ್ಲ. ಆಯ್ಕೆ ಆಗ್ಬೇಕು ಅಂತ ಅವಸರ. ಈಗ್ಲೂ ಒಂದೊಂದ್ಸಲ ಕನಸಲ್ಲಿ ಆ ಓಟ ಓಡ್ತೀನಿ. ಕೆಳಗೆ ನೋಡ್ಕೊಂಡು ಓಡ್ತೀನಿ, ಬೀಳಲ್ಲ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕಾಲಿನ ನೋವಿನ ಜೊತೆಗೆ ತಪ್ಪನ್ನೂ ಅವನೇ ಹೊತ್ತುಕೊಂಡಿದ್ದ. ನನ್ನ ಪಾಲಿನದನ್ನು.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಲೋಕಿಯ ಗೆಳೆಯನ ಮನೆಯಲ್ಲಿ ಉಳಿದು, ಮರುದಿನ ಹ್ಯೂಸ್ಟನ್‌ನ ಸ್ಟೇಡಿಯಮ್ಮಿಗೆ ಹೋದೆವು. ಹುಡುಗರೇ, ಇದನ್ನು ಗಮನವಿಟ್ಟು ಓದಿ. ಮೈದಾನದ ಮೇಲೆ ಛಾವಣಿ! ಹೊರಗೆ ಬೆಂದು ಹೋಗುವ ಬಿಸಿಲು, ಒಳಗೆ ಸ್ವೆಟರ್ ಬೇಕೆನ್ನುವ ಚಳಿ. ಮಾಮೂಲಿ ದಿನಗಳಲ್ಲಿ ಅಲ್ಲಿರುವುದು ಪ್ಲಾಸ್ಟಿಕ್ ಹುಲ್ಲಂತೆ. ಈ ಪಂದ್ಯಗಳಿಗಾಗಿ ಬೇರೆಲ್ಲೋ ಬೆಳೆಸಿದ ನಿಜವಾದ ಹುಲ್ಲನ್ನು ಚಾಪೆಯ ಹಾಗೆ ಸುರುಳಿ ಸುತ್ತಿ, ತಣ್ಣನೆಯ ಲಾರಿಗಳಲ್ಲಿ ತಂದು ಹಾಸಿದ್ದಾರೆ. ಬಿಸಿಲು ಕಾಣದ ಹುಲ್ಲಿಗೆ ಆಟವಿಲ್ಲದ ಹೊತ್ತಿನಲ್ಲಿ ಗಾಡಿಯ ಮೇಲೆ ದೊಡ್ಡ ದೊಡ್ಡ ದೀಪ ಹೊತ್ತಿಸಿ ಬಿಸಿಲು ಕುಡಿಸುತ್ತಾರಂತೆ. ಲೋಕಿ ಇದನ್ನೆಲ್ಲ ಓದಿ ತಿಳಿದುಕೊಂಡು ನನಗೆ ಹೇಳಲೆಂದೇ ಕಾದಿದ್ದ. ನಾವು ಕೂತಲ್ಲಿಂದ ಬಣ್ಣ ನೋಡಿದರೆ ಅದು ಗರಿಕೆಯಲ್ಲ, ಚಳಿ ಸೀಮೆಯ ಯಾವುದೋ ಜಾತಿ. ಸುರುಳಿಗಳು ಒಂದಕ್ಕೊಂದು ಕೂಡಿದ ಗೆರೆ ಎಲ್ಲಿದೆ ಎಂದು ಅರ್ಧ ಗಂಟೆ ಹುಡುಕಿದೆ, ಒಂದೂ ಸಿಗಲಿಲ್ಲ.

"ಆಟ ನೋಡು ಅಣ್ಣ!" ಎಂದು ತಮ್ಮ ಬಯ್ದ.

"ನೀನು ಆಟ ನೋಡು. ನಾನು ಕೆಲಸ ನೋಡ್ತೀನಿ."

ವಿರಾಮದಲ್ಲಿ ಏಳೆಂಟು ಮಂದಿ ಮುಳ್ಳುಗೋಲು ಹಿಡಿದು ಕಿತ್ತುಬಂದ ಹುಲ್ಲಿನ ತುಣುಕುಗಳನ್ನು ಒತ್ತಿ ಕೂರಿಸುತ್ತ ಹೋದರು. ದೀಪ, ಲಾರಿ, ಯಂತ್ರ ಎಲ್ಲ ಇದ್ದರೂ ಕೊನೆಗೆ ಬಗ್ಗಿ ಒತ್ತುವ ಕೈ ನಮ್ಮದೇ ಥರದ್ದು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆ ಸ್ಟೇಡಿಯಮ್ಮಿನಲ್ಲಿ ಆಗ ಚಪ್ಪಾಳೆ ತಟ್ಟಿದವನು ನಾನೊಬ್ಬನೇ ಇರಬೇಕು. ಪಕ್ಕದಲ್ಲಿದ್ದ ಹಸಿರಂಗಿಯ ಮೆಕ್ಸಿಕೋದ ಅಜ್ಜ ನನ್ನ ಮುಖ ನೋಡಿ, ಏನು ತಿಳಿದುಕೊಂಡನೋ, ತಾನೂ ಎದ್ದು ತಟ್ಟತೊಡಗಿದ. ಅವನ ಮನೆಯವರೆಲ್ಲ ಎದ್ದರು. ನಮ್ಮ ಸಾಲೆಲ್ಲ ಎದ್ದಿತು.

ಹಿಂತಿರುಗಿ ಡಲ್ಲಾಸ್‌ಗೆ ಬಂದೆವು. ಲೋಕಿ ಕೊಂಡಿದ್ದ ಕೊನೆಯ ಟಿಕೆಟು ಅಲ್ಲಿಯ ಸ್ಟೇಡಿಯಮ್ಮಿನ ಒಂದು ಮಧ್ಯಾಹ್ನದ ಪಂದ್ಯದ್ದು. ಎರಡು ದಿನ ಬಿಟ್ಟರೆ ನನ್ನ ವಿಮಾನ. ಇಂದು ಹೇಳದಿದ್ದರೆ ಇಲ್ಲ ಎಂದುಕೊಂಡೇ ಒಳಗೆ ಹೋದೆ.

ಆ ಸದ್ದನ್ನು ಹೇಗೆ ಬರೆಯುವುದು! ಎದೆಯೊಳಗೆ ಯಾರೋ ಡೋಲು ಇಟ್ಟು ಬಡಿದ ಹಾಗೆ. ದ್ವಿತೀಯಾರ್ಧದಲ್ಲಿ ಎಡ ಅಂಚಿನ ಹುಡುಗನೊಬ್ಬ ಚೆಂಡು ಹಿಡಿದು ಗೆರೆಯ ಮೇಲೆಯೇ ಓಡಿದ. ಲೋಕಿ ನನ್ನ ಕೈ ಹಿಡಿದ. ಆ ಹುಡುಗ ಗೆರೆ ದಾಟಿ ಆಚೆ ಕಾಲಿಟ್ಟ, ತಿರುಗಿದ, ನೆಲ ಅವನನ್ನು ಹಿಡಿದುಕೊಂಡಿತು, ಚೆಂಡು ಒಳಗೆ ಬಂತು, ಗೋಲು! ಇಡೀ ಸ್ಟೇಡಿಯಂ ಎದ್ದು ನಿಂತಿತು. ಲೋಕಿಯ ಕಣ್ಣಲ್ಲಿ ನೀರು. ನಾನು ಅವನ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಹಲಗೆ, ಗೋಣಿ, ಸೋಫಾ, ಎಲ್ಲ.

"ಏನಂದೇ? ಕೇಳಿಸ್ಲಿಲ್ಲ! ಗೋಲ್ ಅಣ್ಣಾ, ಗೋಲ್!" ಎಂದು ಅವನು ನನ್ನನ್ನು ಅಪ್ಪಿ ಕುಣಿದ.

ಕೇಳಿಸುವುದಿಲ್ಲ ಎಂದು ಗೊತ್ತಿದ್ದರಿಂದಲೇ ನಾನು ಆ ಗಳಿಗೆ ಆರಿಸಿಕೊಂಡಿದ್ದೆ. ಅವನು ಕುಣಿಯುತ್ತಿರುವಾಗಲೇ ಅದು ನನಗೆ ತಿಳಿಯಿತು. ಇದೂ ಹುಲ್ಲಿನ ತೇಪೆಯೇ.

ಪಂದ್ಯ ಮುಗಿದಾಗ ಇನ್ನೂ ಬಿಸಿಲಿತ್ತು. ಮೆಟ್ಟಿಲಿಳಿದು ಲೋಕಿಯ ಮೊಣಕಾಲು ಊದಿಕೊಂಡಿತ್ತು. ಕಾರು ನಿಲ್ಲಿಸಿದ್ದು ದೂರ. "ನೀವಿಬ್ರೂ ಇಲ್ಲೇ ಕುಂದರ್ರಿ, ನಾವು ಕಾರ್ ತರತೇವಿ," ಎಂದು ಶೈಲಾ ಮಗಳನ್ನು ಕರೆದುಕೊಂಡು ಹೋದಳು. ಪಾರ್ಕಿಂಗಿನ ನಡುವೆ ಒಂದು ಹುಲ್ಲಿನ ಪಟ್ಟಿ ಇತ್ತು. ಲೋಕಿ ಅಲ್ಲಿ ಕಾಲು ಚಾಚಿ ಕೂತ. ದೂರದಲ್ಲಿ ಗೆದ್ದವರ ಹಾಡು ಕೇಳುತ್ತಿತ್ತು. ನಾನು ಬೂಟು ಬಿಚ್ಚಿಟ್ಟೆ. ಆ ಪಟ್ಟಿಯ ಮೇಲೆ ಆ ತುದಿಯಿಂದ ಈ ತುದಿಗೆ ಒಂದು ಸಲ ನಡೆದು ಬಂದೆ. ಅವನು ನಗುತ್ತ ನೋಡುತ್ತಿದ್ದ.

"ಇಲ್ಲೂ ಚೆಕ್ಕಿಂಗಾ?"

ನಾನು ಅವನೆದುರು ಕೂತು, ಊದಿದ ಮೊಣಕಾಲಿನ ಮೇಲೆ ಕೈಯಿಟ್ಟೆ.

"ಲೋಕಿ, ಒಳಗಡೆ ಒಂದು ಮಾತು ಹೇಳ್ದೆ. ನಿಂಗೆ ಕೇಳಿಸ್ಲಿಲ್ಲ. ಅವತ್ತು ನೀನು ಜಾರ್ಲಿಲ್ಲ. ಗೆರೆ ಆಚೆ ವಾಲ್ವ್ ಗುಂಡಿ ಇತ್ತು."

ಅವನ ನಗು ನಿಂತಿತು. "ಯಾವ ಗುಂಡಿ?"

ಒಂದೊಂದಾಗಿ ಹೇಳಿದೆ. ಮುಚ್ಚಳ ಇರಲಿಲ್ಲ, ಹಲಗೆ ಗೋಡೆಗೆ ಒರಗಿಸಿದ್ದೆ, ಅವತ್ತು ಬರಿಗಾಲಲ್ಲಿ ನಡೆಯಲಿಲ್ಲ, ನೀನು ಕೂಗ್ತಿದ್ದಾಗ ಮೊದಲು ಗುಂಡಿ ಮುಚ್ಚಿ ಆಮೇಲೆ ನಿನ್ನನ್ನು ಹಿಡಿದೆ, ಸಂಜೆ ಸಿಮೆಂಟು ಬಳಿದೆ, ಡರ್ಬನ್‌ಗೆ ಬರದೇ ಇದ್ದದ್ದೂ ಇದಕ್ಕೇ. ಅವನು ತನ್ನ ಕಾಲನ್ನೇ ನೋಡುತ್ತ ಕೂತಿದ್ದ. ನನ್ನ ಮುಖ ನೋಡದೆ, ರೋಗಿಗಳಿಗೆ ಹೇಳುವ ದನಿಯಲ್ಲಿ ಅಂದ: "ಬಿಡಣ್ಣ. ಎಲ್ರೂ ಹೇಳೋ ಹಾಗೆ... ಆಗಿದ್ದು ಒಳ್ಳೇದಕ್ಕೇ ಆಯ್ತು."

"ಹಂಗನ್ಬೇಡ ಕಣೋ," ಎಂದೆ. ಅಕ್ಕಪಕ್ಕದ ಕಾರಿನವರು ತಿರುಗಿ ನೋಡುವಷ್ಟು ಗಟ್ಟಿ ದನಿ ಬಂತು, ಬರಲಿ ಎಂದು ಬಿಟ್ಟೆ. "ಒಳ್ಳೇದೆಲ್ಲ ನೀನು ಮಾಡ್ಕೊಂಡಿದ್ದು. ಗುಂಡಿ ನಂದು. ನಿನ್ನ ಕಾಲು ತಪ್ಪಿಲ್ಲ ಲೋಕಿ, ಇನ್ಮೇಲೆ ಕನಸಲ್ಲೂ ಕೆಳಗೆ ನೋಡ್ಕೊಂಡು ಓಡ್ಬೇಡ. ತಪ್ಪು ನಂದು. ನನ್ನನ್ನ ಕ್ಷಮಿಸು."